ಮೊತ್ತ ತಾಳೆಯಾಗದಿದ್ದಾಗ: ಸ್ಪ್ರೆಡ್‌ಶೀಟ್ ಸೂತ್ರಗಳ ಪರಿಶೀಲನೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಲೇಖನ)

ಸಾಮಾನ್ಯ ಸಭೆಯ ಮುಂದೆ ಬರುವ ಕರ ಬೇಡಿಕೆ, ವಸೂಲಿ ಮತ್ತು ಬಾಕಿ ತಖ್ತೆಗಳನ್ನು ಅನೇಕ ಕಡೆ ಎಕ್ಸೆಲ್‌ನಲ್ಲಿ ಸಿದ್ಧಪಡಿಸಲಾಗುತ್ತದೆ. ಯಂತ್ರ ಕೂಡಿಸಿದ ಮೊತ್ತ ತಪ್ಪಾಗದೆಂಬ ನಂಬಿಕೆಯಿಂದ ಸದಸ್ಯರು ಅದನ್ನು ಅಂಗೀಕರಿಸುವುದುಂಟು. ಕೂಡುವ ಕೆಲಸದಲ್ಲಿ ಯಂತ್ರ ತಪ್ಪುವುದಿಲ್ಲ. ಆದರೆ ಏನನ್ನು ಕೂಡಬೇಕೆಂದು ಸರಿಯಾಗಿ ತಿಳಿಸದಿದ್ದರೆ ತಪ್ಪು ಮೊತ್ತವನ್ನೂ ಅಷ್ಟೇ ಅಚ್ಚುಕಟ್ಟಾಗಿ ಮುದ್ರಿಸುತ್ತದೆ. ದೋಷಚಿಹ್ನೆ ತೋರಿಸುವ ಸೂತ್ರವು ಎಚ್ಚರಿಕೆಯನ್ನಾದರೂ ನೀಡುತ್ತದೆ. ಸದ್ದಿಲ್ಲದೆ ತಪ್ಪು ಉತ್ತರ ನೀಡುವ ಸೂತ್ರವೇ ಅಪಾಯಕಾರಿ. ಅಂತಹ ತಪ್ಪಿನ ಐದು ಕಾರಣಗಳನ್ನು ಇಲ್ಲಿ ವಿವರಿಸಲಾಗಿದೆ.

1. ಸಂಖ್ಯೆಯಂತೆ ಕಾಣುವ ಅಕ್ಷರ

ಮೂರು ಮನೆಗಳ ವಸೂಲಿಯನ್ನು 450, '600 ರೂ.', 750 ಎಂದು ನಮೂದಿಸಿದರೆ ಒಟ್ಟು 1,800ರ ಬದಲು 1,200 ಬರುತ್ತದೆ. 'ರೂ.' ಸೇರಿದೊಡನೆ ಆ ಸೆಲ್ ಅಕ್ಷರವಾಗುತ್ತದೆ. 'ಸಮ್' ಸೂತ್ರವು ಅದನ್ನು ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಪರಿಣಾಮವಾಗಿ ಹಣ ಕಟ್ಟಿ ರಸೀದಿ ಪಡೆದ ಮನೆಯು ಬಾಕಿದಾರರ ಲೆಕ್ಕಕ್ಕೆ ಸೇರುತ್ತದೆ. ಸೆಲ್‌ನ ಜೋಡಣೆಯನ್ನು ಬದಲಿಸದಿದ್ದಲ್ಲಿ ಸಂಖ್ಯೆ ಬಲಕ್ಕೂ ಅಕ್ಷರ ಎಡಕ್ಕೂ ನಿಲ್ಲುತ್ತದೆ. ಎಡಕ್ಕೆ ಸರಿದ ಅಂಕಿ ಕಂಡಲ್ಲಿ ಮೊದಲು ಅದನ್ನು ಪರಿಶೀಲಿಸಬೇಕು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಸರ್ವೆ ನಂಬರ್ 12/3 ಎಂದು ಬರೆದರೆ ಎಕ್ಸೆಲ್ ಅದನ್ನು ದಿನಾಂಕವೆಂದು ಭಾವಿಸುತ್ತದೆ. ಸರ್ವೆ ನಂಬರಿನ ಕಂಬಸಾಲನ್ನು ನಮೂದಿಗೆ ಮೊದಲೇ 'ಟೆಕ್ಸ್ಟ್' ಎಂದು ಗೊತ್ತುಪಡಿಸುವುದೇ ಪರಿಹಾರ. ಎಕ್ಸೆಲ್‌ನ ಇದೇ ಗುಣದಿಂದಾಗಿ ವಿಜ್ಞಾನಿಗಳು 2020ರಲ್ಲಿ ಮನುಷ್ಯನ ಕೆಲವು ವಂಶವಾಹಿಗಳ ಹೆಸರುಗಳನ್ನೇ ಬದಲಿಸಬೇಕಾಯಿತು.

2. ಒಂದೇ ಊರು, ಹಲವು ಕಾಗುಣಿತ

ತಾಲ್ಲೂಕುವಾರು ಅಥವಾ ಗ್ರಾಮವಾರು ಮೊತ್ತಕ್ಕೆ 'ಸಮ್ ಇಫ್' ಸೂತ್ರವನ್ನು ಬಳಸಲಾಗುತ್ತದೆ. ಹೆಸರು ಹೊಂದಿದರೆ ಮಾತ್ರ ಅದು ಕೂಡಿಸುತ್ತದೆ. ಓದುವವರಿಗೆ ಚನ್ನರಾಯಪಟ್ಟಣವೂ ಚೆನ್ನರಾಯಪಟ್ಟಣವೂ ಒಂದೇ. ಹೊಳೆನರಸೀಪುರ ಮತ್ತು ಹೊಳೆನರಸಿಪುರ, ಅರಕಲಗೂಡು ಮತ್ತು ಅರ್ಕಲಗೂಡು ಕೂಡ ಹಾಗೆಯೇ. ಸೂತ್ರಕ್ಕೆ ಇವು ಬೇರೆ ಬೇರೆ ಊರುಗಳು. 'ಹಾಸನ' ಎಂಬ ಸರಳ ಹೆಸರಿನ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದರೂ ಆ ಸಾಲು ಲೆಕ್ಕದಿಂದ ಹೊರಗುಳಿಯುತ್ತದೆ. ವಸೂಲಿ ಪೂರ್ಣಗೊಳಿಸಿದ ಪಂಚಾಯಿತಿಯ ಸಾಧನೆ ಹೀಗೆ ಕ್ರೋಡೀಕೃತ ತಖ್ತೆಯಲ್ಲಿ ಸೊನ್ನೆಯಾಗಿ ಕಾಣಬಹುದು.

'ಟ್ರಿಮ್' ಸೂತ್ರವು ಹೆಸರಿನ ಹಿಂದುಮುಂದಿನ ಖಾಲಿ ಜಾಗವನ್ನು ತೆಗೆಯುತ್ತದೆ, ಕಾಗುಣಿತವನ್ನು ತಿದ್ದುವುದಿಲ್ಲ. ಆದುದರಿಂದ ಹೆಸರುಗಳನ್ನು ಬೆರಳಚ್ಚು ಮಾಡುವ ಬದಲು ಒಂದೇ ಪಟ್ಟಿಯಿಂದ ಆರಿಸುವಂತೆ ಏರ್ಪಡಿಸುವುದು ಉತ್ತಮ. ತಾಳೆ ನೋಡುವ ವಿಧಾನ ಸುಲಭ: ತಾಲ್ಲೂಕುವಾರು ಮೊತ್ತಗಳನ್ನು ಕೂಡಿದಾಗ ಇಡೀ ಕಂಬಸಾಲಿನ ಮೊತ್ತಕ್ಕೆ ಸಮವಾಗಬೇಕು. ಆಗದಿದ್ದರೆ ಯಾವುದೋ ಸಾಲು ಯಾವ ಊರಿಗೂ ಸೇರದೆ ಉಳಿದಿದೆ ಎಂದರ್ಥ.

3. ವ್ಯಾಪ್ತಿಯಿಂದ ಹೊರಗುಳಿದ ಸಾಲುಗಳು

2ರಿಂದ 13ನೇ ಸಾಲಿನವರೆಗೆ ಕೂಡುವ ಸೂತ್ರವಿದ್ದು, 14ನೇ ಸಾಲಿನಲ್ಲಿ ಹೊಸ ಬಡಾವಣೆಯನ್ನು ಸೇರಿಸಿದರೆ ಅದು ಮೊತ್ತಕ್ಕೆ ಬಾರದೆ ಹೋಗಬಹುದು. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಅವರು 2010ರಲ್ಲಿ ಪ್ರಕಟಿಸಿದ, ಸರ್ಕಾರಗಳ ಸಾಲವನ್ನು ಕುರಿತ ಪ್ರಬಂಧದಲ್ಲಿ ಇದೇ ಆಗಿತ್ತು. ಸರಾಸರಿಯ ಸೂತ್ರ 20 ದೇಶಗಳ ಬದಲು 15ನ್ನು ಮಾತ್ರ ಒಳಗೊಂಡಿದ್ದುದು 2013ರಲ್ಲಿ ಬೆಳಕಿಗೆ ಬಂತು. ಮೊತ್ತದ ಸೆಲ್ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಸೂತ್ರದ ವ್ಯಾಪ್ತಿ ಬಣ್ಣದ ಚೌಕಟ್ಟಿನಲ್ಲಿ ಕಾಣುತ್ತದೆ.

4. ಕಾಣುವ ಅಂಕಿ, ಒಳಗಿರುವ ಅಂಕಿ

440 ರೂಪಾಯಿ ತೆರಿಗೆಗೆ ಶೇ. 6ರ ಗ್ರಂಥಾಲಯ ಕರ 26.40 ರೂ. ದಶಮಾಂಶವನ್ನು ಮರೆಮಾಡಿದಾಗ ಪರದೆಯಲ್ಲಿ 26 ಎಂದು ಕಾಣುತ್ತದೆ. ಅಂತಹ ಮೂರು ಮನೆಗಳಿಗೆ ತಲಾ 26ರಂತೆ ರಸೀದಿ ನೀಡಿದರೆ ಕೈಗೆ ಬರುವುದು 78 ರೂ.; ತಖ್ತೆ ತೋರಿಸುವುದು 79. ಸಾವಿರ ಮನೆಗಳಿದ್ದರೆ ಯಾರೂ ಉಳಿಸಿಕೊಳ್ಳದ 400 ರೂ. ಬಾಕಿ ಹುಟ್ಟುತ್ತದೆ. ಕರ ವಸೂಲಿಗಾರರ ಮೇಲೆ ಸಂಶಯ ಮೂಡುವುದಕ್ಕೆ ಇಷ್ಟು ಸಾಕು. ಪ್ರತಿ ಮನೆಯ ಕರವನ್ನು 'ರೌಂಡ್' ಸೂತ್ರದಿಂದ ಪೂರ್ಣ ರೂಪಾಯಿಗೆ ತಂದು, ಅನಂತರ ಕೂಡಬೇಕು.

5. ನಕಲಿನಲ್ಲಿ ಸರಿಯುವ ವಿಳಾಸ

15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ನಿರ್ಬಂಧಿತ ಪಾಲು ಶೇ. 60. ಈ ಪ್ರಮಾಣವನ್ನು ಒಂದು ಸೆಲ್‌ನಲ್ಲಿಟ್ಟು ಸೂತ್ರವನ್ನು ಕೆಳಕ್ಕೆ ನಕಲಿಸಿದರೆ, ಮೊದಲ ಸಾಲು ಸರಿಯಾಗಿದ್ದು ಉಳಿದವು ಸೊನ್ನೆಯಾಗಬಹುದು. ನಕಲಿನೊಡನೆ ಸೂತ್ರವು ಕೆಳಗಿನ ಖಾಲಿ ಸೆಲ್‌ಗಳನ್ನು ನೋಡತೊಡಗುವುದೇ ಇದಕ್ಕೆ ಕಾರಣ. ಸೆಲ್ ವಿಳಾಸಕ್ಕೆ ಡಾಲರ್ ಚಿಹ್ನೆ ಸೇರಿಸಿದರೆ ಅದು ಸ್ಥಿರವಾಗಿ ನಿಲ್ಲುತ್ತದೆ.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಇವುಗಳನ್ನು ಕೇಳಲು ಸದಸ್ಯರಿಗೆ ಗಣಕಯಂತ್ರದ ತರಬೇತಿ ಬೇಕಿಲ್ಲ.

ಅ) ತಖ್ತೆಯ ಯಾವುದಾದರೂ ಐದು ಸಾಲುಗಳು ರಸೀದಿ ಪುಸ್ತಕದೊಡನೆ ತಾಳೆಯಾಗುತ್ತವೆಯೇ?
ಆ) ಭಾಗಗಳ ಮೊತ್ತವು ಒಟ್ಟು ಮೊತ್ತಕ್ಕೆ ಸಮವೇ?
ಇ) ಗ್ರಾಮಗಳ ಸಂಖ್ಯೆ, ಮನೆಗಳ ಸಂಖ್ಯೆ ಪೂರ್ಣವಾಗಿದೆಯೇ?
ಈ) ಸೊನ್ನೆ ಇರುವಲ್ಲಿ ನಿಜವಾಗಿಯೂ ವಸೂಲಿ ಆಗಿಲ್ಲವೇ?

ಸಭೆ ಅಂಗೀಕರಿಸಿದ ತಖ್ತೆಯ ಆಧಾರದ ಮೇಲೆ ಬೇಡಿಕೆ ನೋಟಿಸು ಹೊರಡುತ್ತದೆ. ತೆರಿಗೆ ಕಟ್ಟಿದ ಮನೆಯ ಬಾಗಿಲಿಗೆ ಅದು ತಲುಪದಂತೆ ತಡೆಯಲು ಅಂಗೀಕಾರಕ್ಕೆ ಮುನ್ನ ಕೇಳುವ ಒಂದು ಪ್ರಶ್ನೆ ಸಾಕಾಗಬಹುದು.

ಅಭ್ಯಾಸ: ಒಂದು ತಖ್ತೆಯಲ್ಲಿ ಒಟ್ಟು ವಸೂಲಿ 86,000 ರೂ.; ನಾಲ್ಕು ಗ್ರಾಮಗಳ ಮೊತ್ತ ಕೂಡಿದರೆ 81,500 ರೂ. ವ್ಯತ್ಯಾಸದ 4,500 ರೂ. ಎಲ್ಲಿರಬಹುದು? ಮೇಲಿನ ಯಾವ ಕಾರಣವನ್ನು ಮೊದಲು ಪರಿಶೀಲಿಸಬೇಕು? ಸದಸ್ಯರು ತಮ್ಮಲ್ಲಿ ಚರ್ಚಿಸುವುದು.