ಮುಂಗಡ ಕೊಡುವ ಮುನ್ನ

ಮಲಪನಗುಡಿಯಲ್ಲಿ ಮನೆ ಕೊಳ್ಳುವವರೇ, ಗೋಡೆ ಗಟ್ಟಿಯಿದೆಯೆಂದು ಮುಂಗಡ ಕೊಟ್ಟುಬಿಡಬೇಡಿ. ಹಂಪಿಯ ಮಗ್ಗುಲಿನ ಊರಿದು. ಮನೆಯ ಹತ್ತಿರ ಕೇಂದ್ರದ ರಕ್ಷಿತ ಸ್ಮಾರಕವಿದ್ದರೆ ಅದರಿಂದ 100 ಮೀಟರ್‌ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ ಮತ್ತೆ 200 ಮೀಟರ್‌ ನಿರ್ಬಂಧ. ಮುಂದೆ ಮಹಡಿ ಎತ್ತಬಹುದೇ, ಕೆಡವಿ ಕಟ್ಟಬಹುದೇ ಎಂದು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದಲ್ಲಿ ಮೊದಲೇ ವಿಚಾರಿಸಿ. ಆಮೇಲೆ ಪಂಚಾಯಿತಿಯ ಇ-ಸ್ವತ್ತು ದಾಖಲೆ, ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ (ಇ.ಸಿ.) ನೋಡಿ. ಹಳೆಯ ಕ್ರಯಪತ್ರದಲ್ಲಿ ಬಳ್ಳಾರಿ ಜಿಲ್ಲೆ ಎಂದಿದ್ದರೆ ಗಾಬರಿ ಬೇಡ. ಈ ಊರಿರುವ ವಿಜಯನಗರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದದ್ದು 2021ರಲ್ಲಿ.

ಮಾರುವವರಿಗೂ ಒಂದು ಮಾತು. ಖಾತೆ ಇನ್ನೂ ತೀರಿಹೋದ ಹಿರಿಯರ ಹೆಸರಿನಲ್ಲಿದ್ದರೆ ಮೊದಲು ಅದನ್ನು ಬದಲಾಯಿಸಿಕೊಳ್ಳಿ. ಪಿತ್ರಾರ್ಜಿತ ಮನೆಯಾದರೆ ಅಕ್ಕತಂಗಿಯರನ್ನೂ ಕರೆದು ಕೂರಿಸಿ. ಅವರಿಗೂ ಪಾಲಿದೆ, ಅವರ ಸಹಿಯಿಲ್ಲದ ಕ್ರಯ ನಾಳೆ ಕೋರ್ಟಿನ ಮೆಟ್ಟಿಲೇರೀತು.