ಹಳೇ ನುಡಿ ಫೈಲು, ಹೊಸ ಕಂಪ್ಯೂಟರು

ಯಾದಗಿರಿ, ಶಹಾಪುರ, ಸುರಪುರದ ಡಿಟಿಪಿ ಅಂಗಡಿಗಳಲ್ಲಿ ತಿಂಥಣಿ ಜಾತ್ರೆಯ ಕರಪತ್ರದಿಂದ ಹಿಡಿದು ಊರ ಕವಿಯ ಮೊದಲ ಪುಸ್ತಕದ ತನಕ ಎಲ್ಲ ಟೈಪಾಗಿದ್ದು ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳಲ್ಲಿ. ಆ ಫೈಲುಗಳನ್ನು ವಿಂಡೋಸ್ 11ರಲ್ಲಿ ಓದಿಸುವುದು ನನ್ನ ಕೆಲಸ. ಅದರಲ್ಲಿ ಕಲಿತದ್ದು ಇಷ್ಟು.

1. ಮೊದಲು ನಕಲು ತೆಗೆಯಿರಿ, ಮೂಲ ಮುಟ್ಟಬೇಡಿ. ತೆರೆದ ಫೈಲಿನಲ್ಲಿ ಅಕ್ಷರಗಳು ಗೋಜಲಾಗಿ ಕಂಡ ಕೂಡಲೇ ಪೂರ್ತಿ ಸೆಲೆಕ್ಟ್ ಮಾಡಿ ಯೂನಿಕೋಡಿನ ತುಂಗಾ ಫಾಂಟ್ ಕೊಟ್ಟು ಸೇವ್ ಮಾಡುವವರಿದ್ದಾರೆ. ಯಾವ ಪದ ಯಾವ ಫಾಂಟಿನದು ಎಂಬ ಸುಳಿವು ಅಲ್ಲಿಗೇ ಅಳಿಸಿಹೋಗುತ್ತದೆ.

2. ಗೋಜಲು ಕಂಡರೆ ಫೈಲು ಕೆಟ್ಟಿದೆಯೆಂದಲ್ಲ. ಹಳೆಯ ನುಡಿಯಲ್ಲಿ ಕನ್ನಡದ ಅಕ್ಷರಭಾಗಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿವೆ. ತಲೆಯ ಮೇಲೆ ಓರೆಗೆರೆ ಹೊತ್ತ ದೊಡ್ಡ ‘ಎ’ ಸಾಲುಸಾಲಾಗಿ ಕಂಡರೆ ಅದು ತಲೆಕಟ್ಟು; ನುಡಿ ಫಾಂಟ್ ಹಾಕಿ, ಓದಬಹುದು. ಫಾಂಟಿನ ಹೆಸರೇ ನಮಗಿರುವ ಕೀಲಿ.

3. ಫೈಲು ತೆರೆಯಲು ಹಳೆಯ ಪ್ರೋಗ್ರಾಮೇ ಬೇಕಾದರೆ ನೆನಪಿಡಿ: 64 ಬಿಟ್ ವಿಂಡೋಸಿನಲ್ಲಿ 16 ಬಿಟ್ ಪ್ರೋಗ್ರಾಂ ಓಡುವುದಿಲ್ಲ. ಕೆಲವು ಸಲ ಪ್ರೋಗ್ರಾಂ 32 ಬಿಟ್ಟಿನದೇ ಆಗಿದ್ದು, ಸೆಟಪ್ ಮಾತ್ರ 16 ಬಿಟ್ ಇರುತ್ತದೆ. ವರ್ಚುವಲ್ ಯಂತ್ರದಲ್ಲಿ 32 ಬಿಟ್ಟಿನ ಹಳೆಯ ವಿಂಡೋಸ್ ಹಾಕಿ, ನೆಟ್ ಕಡಿದು, ಅಲ್ಲೇ ಓಡಿಸಿ.

4. ಪೇಜ್‌ಮೇಕರ್ ಫೈಲಿದ್ದರೆ ತಡಮಾಡಬೇಡಿ. ಅದನ್ನು ತೆರೆಯುವ ಇನ್‌ಡಿಸೈನ್ ಆವೃತ್ತಿಗಳಲ್ಲಿ ಸಿಎಸ್6 ಕೊನೆಯದು; ನಂತರದವು ತೆರೆಯುವುದಿಲ್ಲ.

5. ಯೂನಿಕೋಡಿಗೆ ಬದಲಿಸುವಾಗಲೇ ನಿಜವಾದ ಕೆಲಸ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಈ ಅದಲುಬದಲು ಮಾಡದ ಪರಿವರ್ತಕ ‘ಕರ್ನಾಟಕ’ವನ್ನು ‘ಕನಾರ್ಟಕ’ ಮಾಡುತ್ತದೆ, ‘ಗುಲ್ಬರ್ಗಾ’ವನ್ನು ‘ಗುಲ್ಬಗಾರ್’ ಮಾಡುತ್ತದೆ. ನಡುವೆ ಬಂದ ಇಂಗ್ಲಿಷ್ ಪದಗಳೂ ಕನ್ನಡವೆಂದೇ ಪರಿವರ್ತನೆಯಾಗಿ ಅರ್ಥ ಕಳೆದುಕೊಳ್ಳುತ್ತವೆ. ಆದ್ದರಿಂದ ವರ್ಡ್‌ನಲ್ಲಿ ಫಾಂಟ್ ಪ್ರಕಾರ ಹುಡುಕಿ, ನುಡಿ ಇರುವ ತುಣುಕಷ್ಟನ್ನೇ ಬದಲಿಸಿ. ಹೆಸರಿನ ಕೊನೆಗೆ ‘ಕೆ’ ಇರುವ ನುಡಿ ಫಾಂಟಿನಲ್ಲಿ ಅಂಕಿಗಳು ಕನ್ನಡದವಾಗಿ ಕಾಣುತ್ತಿದ್ದವು; ಬದಲಿಸಿದ ಮೇಲೆ ಅವೇನಾದವೆಂದು ನೋಡಿ. ಜಮೀನಿನ ಕಾಗದವಾದರೆ ಸರ್ವೆ ನಂಬರುಗಳನ್ನು ಹಳೆಯ ಮುದ್ರಿತ ಪ್ರತಿ ಎದುರಿಗಿಟ್ಟುಕೊಂಡು ಇಬ್ಬರು ಕೂತು ಗಟ್ಟಿಯಾಗಿ ಓದಿಯೇ ತಾಳೆ ನೋಡಬೇಕು.

6. ಹಳೆಯ ಪತ್ರದಲ್ಲಿ ‘ತಾ. ಶಹಾಪುರ, ಜಿ. ಗುಲ್ಬರ್ಗಾ’ ಎಂದಿದ್ದರೆ ಹಾಗೇ ಬಿಡಿ. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ, ಗುಲ್ಬರ್ಗಾ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ಫೈಂಡ್-ರಿಪ್ಲೇಸಿನಲ್ಲಿ ಹೊಸ ಹೆಸರು ಕೊಟ್ಟರೆ 2003ರ ಕಾಗದದಲ್ಲಿ ಆಗ ಇಲ್ಲದ ಜಿಲ್ಲೆ ಹುಟ್ಟಿಕೊಳ್ಳುತ್ತದೆ. ಫೈಲು ತಂದವರು ಹೊಸ ಹೆಸರೇ ಬೇಕೆಂದರೆ ಬೇರೆ ಪ್ರತಿ ಮಾಡಿ, ಅದರ ಮೇಲೆ ಇವತ್ತಿನ ತಾರೀಖು ಹಾಕಿ ಕೊಡಿ.