1912ರ ಬೋ–ಬ್ರಾಮ್ಲಿ ಉಪಚುನಾವಣೆ: ಫಲಿತಾಂಶವನ್ನು ಓದಲು ಕಲಿಸುವ ಒಂದು ಪಾಠ

ಮಹಿಳೆಯರ ಮತದಾನದ ಹಕ್ಕಿನ ಪಾಠವೆಂದರೆ ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಇಸವಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸುತ್ತಾರೆ. ಬ್ರಿಟನ್ನಿನಲ್ಲಿ 1918ರಲ್ಲಿ 30 ವರ್ಷ ದಾಟಿದ ಅರ್ಹ ಮಹಿಳೆಯರಿಗೆ ಮತ, 1928ರಲ್ಲಿ ಪುರುಷರಿಗೆ ಸಮನಾದ ಹಕ್ಕು. ಇದರ ಬದಲು ಒಂದೇ ಒಂದು ಉಪಚುನಾವಣೆಯನ್ನು ಆರಿಸಿಕೊಂಡು ಇಡೀ ಅವಧಿಯನ್ನು ಅದಕ್ಕೇ ಮೀಸಲಿಡಬಹುದು.

ಬೋ–ಬ್ರಾಮ್ಲಿ ಪೂರ್ವ ಲಂಡನ್ನಿನ ಕಾರ್ಮಿಕರ ಕ್ಷೇತ್ರ. 1888ರಲ್ಲಿ ಬೆಂಕಿಕಡ್ಡಿ ಕಾರ್ಖಾನೆಯ ಹೆಣ್ಣುಮಕ್ಕಳು ಮುಷ್ಕರ ಹೂಡಿದ್ದು ಇಲ್ಲಿಯೇ. 1910ರ ಡಿಸೆಂಬರಿನಲ್ಲಿ ಇಲ್ಲಿಂದ ಗೆದ್ದ ಲೇಬರ್ ಸದಸ್ಯ ಜಾರ್ಜ್ ಲ್ಯಾನ್ಸ್‌ಬರಿ, ಸೆರೆಮನೆಯಲ್ಲಿ ಉಪವಾಸ ಕೂತ ಹೋರಾಟಗಾರ್ತಿಯರಿಗೆ ಬಲವಂತವಾಗಿ ಆಹಾರ ತುರುಕುತ್ತಿದ್ದುದನ್ನು ಖಂಡಿಸಿ, ಪ್ರಧಾನಿ ಆಸ್ಕ್ವಿತ್ ಅವರ ಮೇಲೆ ಸದನದಲ್ಲೇ ಹರಿಹಾಯ್ದವರು. ಮಹಿಳೆಯರಿಗೆ ಮತ ಸಿಗುವವರೆಗೆ ಸರ್ಕಾರದ ವಿರುದ್ಧ ಮತ ಹಾಕೋಣವೆಂಬ ಅವರ ಸಲಹೆಯನ್ನು ಸ್ವಂತ ಪಕ್ಷವೇ ಒಪ್ಪಲಿಲ್ಲ. ಸ್ಥಾನ ಬಿಟ್ಟು, ಇದೊಂದೇ ಪ್ರಶ್ನೆಯ ಮೇಲೆ ಮತ್ತೆ ಜನರ ಮುಂದೆ ನಿಂತರು. (ಕಾಮನ್ಸ್ ಸಭೆಗೆ ನೇರವಾಗಿ ರಾಜೀನಾಮೆ ಕೊಡುವಂತಿಲ್ಲ, ಅರಸನ ಕೈಕೆಳಗೆ ಹೆಸರಿಗಷ್ಟೇ ಉಳಿದ ಹುದ್ದೆಯೊಂದನ್ನು ಪಡೆದು ಸ್ಥಾನ ಕಳೆದುಕೊಳ್ಳಬೇಕು. ಮಕ್ಕಳಿಗೆ ಇದು ತಮಾಷೆಯೆನಿಸುತ್ತದೆ, ಹೇಳಿ.)

ನವೆಂಬರ್ 26ರಂದು ಮತದಾನ. ಎದುರಿಗಿದ್ದವರು ಕನ್ಸರ್ವೇಟಿವ್ ಅಭ್ಯರ್ಥಿ ರೆಜಿನಾಲ್ಡ್ ಬ್ಲೇರ್ ಒಬ್ಬರೇ. ಬ್ಲೇರ್‌ಗೆ 4,042, ಲ್ಯಾನ್ಸ್‌ಬರಿಗೆ 3,291 ಮತ.

ಇಲ್ಲಿ ಪಾಠ ನಿಲ್ಲಿಸಿ, "ಈ ಫಲಿತಾಂಶದಿಂದ ಏನು ತಿಳಿಯುತ್ತದೆ?" ಎಂದು ಕೇಳಬೇಕು. "ಜನರಿಗೆ ಮಹಿಳಾ ಮತದಾನ ಬೇಡವಾಗಿತ್ತು" ಎಂಬ ಉತ್ತರ ತರಗತಿಯ ಮೂಲೆಮೂಲೆಯಿಂದ ಬರುತ್ತದೆ. ಪ್ರಶಿಕ್ಷಣಾರ್ಥಿ ಅವಸರದಲ್ಲಿ "ಸರಿ" ಎಂದುಬಿಟ್ಟರೆ ಪಾಠ ಅಲ್ಲಿಗೆ ಕೆಟ್ಟಿತು. "ಯಾವ ಜನ?" ಎಂಬುದು ಮುಂದಿನ ಪ್ರಶ್ನೆ. ಸಂಸತ್ತಿನ ಮತದಾರರ ಪಟ್ಟಿಯಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಬಡ ಗಂಡಸರಲ್ಲೂ ಎಷ್ಟೋ ಮಂದಿಗೆ ಮತವಿರಲಿಲ್ಲ. ಯಾರ ಹಕ್ಕಿನ ಪ್ರಶ್ನೆಯೋ ಅವರು ಮತಗಟ್ಟೆಯ ಹೊರಗೆ ನಿಂತಿದ್ದರು. ಹದಿನೆಂಟು ತುಂಬಿದವರಿಗೆಲ್ಲ ಮತ ಎಂಬುದನ್ನೇ ಕಂಡು ಬೆಳೆದ ನಮ್ಮ ಮಕ್ಕಳು ಇದನ್ನು ತಾವಾಗಿ ಊಹಿಸುವುದಿಲ್ಲ. ಅವರಿಂದಲೇ ಹೊರಡಿಸುವವರೆಗೆ ಕಾಯಬೇಕು.

ಆಮೇಲೆ ಅಂಕಗಣಿತ. 1910ರ ಡಿಸೆಂಬರಿನಲ್ಲಿ ಲ್ಯಾನ್ಸ್‌ಬರಿಗೆ 4,315, ಎದುರಾಳಿ ಅಭ್ಯರ್ಥಿಗೆ 3,452 ಮತ ಬಿದ್ದಿದ್ದವು. ಎರಡೂ ಸಾಲುಗಳನ್ನು ಹಲಗೆಯ ಮೇಲೆ ಬರೆದು ವ್ಯತ್ಯಾಸ ತೆಗೆಸಿ. ಲ್ಯಾನ್ಸ್‌ಬರಿಗೆ 1,024 ಮತ ಕಡಿಮೆ, ಎದುರಾಳಿಗೆ ಹೆಚ್ಚಿದ್ದು 590 ಮಾತ್ರ. ಅಂದರೆ ಇವರು ಕಳೆದುಕೊಂಡದ್ದೆಲ್ಲ ಅವರಿಗೆ ಸೇರಲಿಲ್ಲ. ಎರಡು ವರ್ಷದಲ್ಲಿ ಮತದಾರರ ಪಟ್ಟಿಯೂ ಬದಲಾಗುತ್ತದಾದ್ದರಿಂದ, "434 ಮಂದಿ ಮನೆಯಲ್ಲೇ ಉಳಿದರು" ಎಂದು ಬರೆಸಬೇಡಿ.

ಸೋಲಿಗೆ ಬೇರೆ ಕಾರಣಗಳೂ ಇದ್ದವು. ಲ್ಯಾನ್ಸ್‌ಬರಿ ಸ್ಥಳೀಯ ಕಾರ್ಯಕರ್ತರನ್ನು ಕೇಳದೆ ಸ್ಥಾನ ಬಿಟ್ಟಿದ್ದರು. ಲೇಬರ್ ಪಕ್ಷ ಅಧಿಕೃತ ಬೆಂಬಲ ಕೊಡಲಿಲ್ಲ. ಪ್ರಚಾರಕ್ಕೆ ಬಂದ ಪ್ಯಾಂಕ್‌ಹರ್ಸ್ಟ್ ಅವರ ಸಂಘಟನೆಗೂ ಸ್ಥಳೀಯ ಗಂಡಸರಿಗೂ ಹೊಂದಿಕೆಯಾಗಲಿಲ್ಲ. ಮತದಾನದ ದಿನ ಕಾರುಗಳು ಒಬ್ಬರ ಕೈಯಲ್ಲಿ, ಮತದಾರರ ಪಟ್ಟಿ ಇನ್ನೊಬ್ಬರ ಕೈಯಲ್ಲಿ! ಈ ಪ್ರಸಂಗವನ್ನು ಮಕ್ಕಳು ಎಂದೂ ಮರೆಯುವುದಿಲ್ಲ. ಆದರೆ ಅದೊಂದೇ ಸೋಲಿಗೆ ಕಾರಣವೆಂದು ಅವರ ಟಿಪ್ಪಣಿ ಪುಸ್ತಕದಲ್ಲಿ ಕೂರದಂತೆ ನೋಡಿಕೊಳ್ಳಬೇಕು.

ಮೌಲ್ಯಮಾಪನಕ್ಕೆ "ಗೆದ್ದವರು ಯಾರು?" ಎಂಬ ಪ್ರಶ್ನೆ ಸಾಲದು. "ಈ ಫಲಿತಾಂಶದಿಂದ ಹೇಳಬಹುದಾದ ಒಂದು ಮಾತು, ಹೇಳಲಾಗದ ಒಂದು ಮಾತು ಬರೆಯಿರಿ" ಎಂದು ಕೊಡಿ. ಸಮಯ ಉಳಿದರೆ, 1922ರಲ್ಲಿ ಲ್ಯಾನ್ಸ್‌ಬರಿ ಇದೇ ಕ್ಷೇತ್ರದಿಂದ ಮತ್ತೆ ಗೆದ್ದರೆಂದು ತಿಳಿಸಿ, ಅಷ್ಟರಲ್ಲಿ ಮತದಾರರ ಪಟ್ಟಿಯಲ್ಲಿ ಏನು ಬದಲಾಗಿತ್ತೆಂದು ಕೇಳಿ.